ಗುಂಡಿ ಒತ್ತಿದವರು, ಬೆಳಕನ್ನು ಅಳೆದವರು

ದೀಪದ ಬೆಳಕು ದೂರದೊಂದಿಗೆ ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ತೋರಿಸಲು ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ತೆಗೆದ ಎರಡು ಚಿತ್ರಗಳನ್ನು ತಂದಿದ್ದ. ಎರಡನೆಯದರಲ್ಲಿ ದೀಪ ಎರಡು ಪಟ್ಟು ದೂರದಲ್ಲಿತ್ತು. ಆದರೆ ಎದುರಿನ ಬಿಳಿ ಹಾಳೆ ಎರಡೂ ಚಿತ್ರಗಳಲ್ಲಿ ಒಂದೇ ರೀತಿ ಹೊಳೆಯುತ್ತಿತ್ತು. ವಿಲೋಮ ವರ್ಗ ನಿಯಮ ತಪ್ಪಿರಲಿಲ್ಲ. ಬೆಳಕು ಕಡಿಮೆಯಾದುದನ್ನು ಕಂಡು ಮೊಬೈಲು ತಾನಾಗಿಯೇ ಒಡ್ಡಿಕೆಯ ಕಾಲವನ್ನು ಹೆಚ್ಚಿಸಿತ್ತು. ತೀರ್ಮಾನ ಯಂತ್ರದ್ದು, ವರದಿ ಮಾತ್ರ ಹುಡುಗನದು.

ಎಲ್ಲರ ಕೈಗೂ ಕ್ಯಾಮೆರಾ ಬಂದು ಛಾಯಾಗ್ರಹಣ ಕೆಟ್ಟಿತು ಎಂಬ ಮಾತನ್ನು ಇಂದು ಆಗಾಗ ಕೇಳುತ್ತೇವೆ. ಈ ದೂರಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಆರ್ದ್ರ ಫಲಕ ವಿಧಾನದಲ್ಲಿ, ಗಾಜಿನ ಮೇಲಿನ ಲೇಪನ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಊರಾಚೆ ಹೋಗುವ ಛಾಯಾಗ್ರಾಹಕ ಕತ್ತಲೆ ಡೇರೆಯನ್ನೂ ರಾಸಾಯನಿಕಗಳನ್ನೂ ಹೊತ್ತೊಯ್ಯಬೇಕಿತ್ತು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಲೇಪನದ ಶುಷ್ಕ ಫಲಕವನ್ನು ಸೂಚಿಸಿದ ಮೇಲೆ ಈ ಹೊರೆ ಇಳಿಯತೊಡಗಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ 25 ಡಾಲರಿನ ಕೊಡ್ಯಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದರು. 100 ಚಿತ್ರಗಳ ಸುರುಳಿ ಮುಗಿದೊಡನೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರಾಯಿತು, ಉಳಿದ ಕೆಲಸವೆಲ್ಲ ಕಂಪನಿಯದು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಕೇವಲ 1 ಡಾಲರ್. ನುರಿತವರು ಈ ಹೊಸಬರನ್ನು 'ಗುಂಡಿ ಒತ್ತುವವರು' ಎಂದು ಹಳಿದರು.

ಆದರೆ ಛಾಯಾಗ್ರಹಣಕ್ಕೆ ಅಳತೆಯ ಶಾಸ್ತ್ರವನ್ನು ಕೊಟ್ಟವರೂ ಹವ್ಯಾಸಿಗಳೇ! ಇಂಗ್ಲೆಂಡಿನ ವಿಡ್ನೆಸ್ ಪಟ್ಟಣದ ಕ್ಷಾರ ಕಾರ್ಖಾನೆಯೊಂದರಲ್ಲಿ ರಸಾಯನ ವಿಜ್ಞಾನಿ ಫರ್ಡಿನಾಂಡ್ ಹರ್ಟರ್ ಮತ್ತು ಎಂಜಿನಿಯರ್ ವೀರೋ ಚಾರ್ಲ್ಸ್ ಡ್ರಿಫೀಲ್ಡ್ ದುಡಿಯುತ್ತಿದ್ದರು. ಒಡ್ಡಿಕೆಯ ಕಾಲವನ್ನು ಅಂದಾಜಿನಲ್ಲಿ ನಿರ್ಧರಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಪ್ರಮಾಣಿತ ಮೇಣದಬತ್ತಿಯ ಬೆಳಕಿಗೆ ಫಲಕಗಳನ್ನು ಬೇರೆ ಬೇರೆ ಕಾಲ ಒಡ್ಡಿ, ಅವು ಎಷ್ಟು ಕಪ್ಪಾದವೆಂದು ಅಳೆದರು. 1890ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಒಡ್ಡಿಕೆಯ ಲಾಗರಿದಮ್ ಅನ್ನು ಅಡ್ಡ ಅಕ್ಷದಲ್ಲಿ, ಫಲಕದ ಸಾಂದ್ರತೆಯನ್ನು ನೇರ ಅಕ್ಷದಲ್ಲಿ ಗುರುತಿಸಿದರೆ ಇಂಗ್ಲಿಷಿನ 'ಎಸ್' ಅಕ್ಷರವನ್ನು ಹೋಲುವ ರೇಖೆ ಸಿಗುತ್ತದೆ. ಬೆಳಕು ತೀರ ಕಡಿಮೆಯಾದರೆ ಫಲಕದಲ್ಲಿ ಬದಲಾವಣೆ ಅತ್ಯಲ್ಪ. ತೀರ ಹೆಚ್ಚಾದರೆ ಫಲಕ ಪರ್ಯಾಪ್ತವಾಗುತ್ತದೆ. ನಡುವಿನ ನೇರ ಭಾಗದಲ್ಲಿ ಮಾತ್ರ ಅದು ಬೆಳಕಿನ ಏರಿಳಿತವನ್ನು ಕ್ರಮಬದ್ಧವಾಗಿ ದಾಖಲಿಸುತ್ತದೆ. ಆ ಭಾಗದ ಇಳಿಜಾರೇ 'ಗ್ಯಾಮಾ'.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. 2009ರ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಇಬ್ಬರೂ ಪಾಲು ಪಡೆದರು. ಇಂದಿನ ಮೊಬೈಲುಗಳಲ್ಲಿರುವುದು ಸಿಮಾಸ್ ಸಂವೇದಕ. ಎರಡರಲ್ಲೂ ಪರ್ಯಾಪ್ತವಾಗುವವರೆಗೆ ಸಂಕೇತವು ಬಿದ್ದ ಬೆಳಕಿಗೆ ಬಹುಮಟ್ಟಿಗೆ ಅನುಪಾತದಲ್ಲಿರುತ್ತದೆ. ಆದರೆ ನಮ್ಮ ಕಣ್ಣಿಗೆ ಬೀಳುವುದು ಆ ಸಂಕೇತವಲ್ಲ. ಮೊಬೈಲು ಹಲವು ಚಿತ್ರಗಳನ್ನು ಬೆರೆಸುತ್ತದೆ, ಗದ್ದಲವನ್ನು ಅಳಿಸುತ್ತದೆ, ನೆರಳನ್ನು ಬೆಳಗಿಸುತ್ತದೆ. ನೋಡಲು ಚೆಂದ, ಅಳೆಯಲು ಅಪಾಯ.

ಆದ್ದರಿಂದ ಹವ್ಯಾಸಿಯ ತಪ್ಪು ಸುಲಭವಾಗಿ ಚಿತ್ರ ತೆಗೆಯುವುದರಲ್ಲಿಲ್ಲ. ಯಂತ್ರ ತನ್ನ ಪರವಾಗಿ ಏನನ್ನು ನಿರ್ಧರಿಸಿತು ಎಂದು ಕೇಳದಿರುವುದರಲ್ಲಿದೆ. ಚಿತ್ರವನ್ನು ಸಾಕ್ಷ್ಯವಾಗಿ ಬಳಸುವ ವಿಜ್ಞಾನದ ವಿದ್ಯಾರ್ಥಿಗಂತೂ ಈ ಪ್ರಶ್ನೆ ತಪ್ಪಿಸಲಾಗದ್ದು.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ; ಸ್ವಯಂಚಾಲಿತ ವ್ಯವಸ್ಥೆಯನ್ನು ತೆಗೆದು ಸಂವೇದನೆಯನ್ನು ಸ್ಥಿರವಾಗಿಡಿ. ಒಂದೇ ದೀಪ ಬೆಳಗುವ ಬಿಳಿ ಹಾಳೆಯ ಚಿತ್ರವನ್ನು, ಒಡ್ಡಿಕೆಯ ಕಾಲವನ್ನು ಪ್ರತಿ ಬಾರಿ ಇಮ್ಮಡಿಸುತ್ತ, ಏಳೆಂಟು ಸಲ ತೆಗೆಯಿರಿ. ಹಾಳೆಯ ಒಂದೇ ಜಾಗದ ಹೊಳಪಿನ ಅಂಕಿಯನ್ನು ಕಂಪ್ಯೂಟರಿನಲ್ಲಿ ಓದಿ ನಕ್ಷೆ ಬರೆಸಿ. ಕಾಲ ಇಮ್ಮಡಿಯಾದರೂ ಅಂಕಿ ಇಮ್ಮಡಿಯಾಗದಿರುವುದನ್ನೂ, ಕೊನೆಗೆ 255ರ ಬಳಿ ನಿಂತುಬಿಡುವುದನ್ನೂ ವಿದ್ಯಾರ್ಥಿಗಳೇ ಕಾಣುವರು. ವಿಡ್ನೆಸ್‌ನ ಆ ಇಬ್ಬರು ಹವ್ಯಾಸಿಗಳು ಮೇಣದಬತ್ತಿಯ ಬೆಳಕಿನಲ್ಲಿ ಹಿಡಿದ ದಾರಿಯೂ ಇದೇ ಆಗಿತ್ತು.