ಓದು ಗೀಝ್‌ನಲ್ಲಿ, ಅರ್ಥ ಅಮ್ಹಾರಿಕ್‌ನಲ್ಲಿ

ಇಥಿಯೋಪಿಯಾದ ವಿಶ್ವವಿದ್ಯಾಲಯಗಳಲ್ಲಿ ಹಳೆಯ ದೂರೊಂದಿದೆ: ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯವನ್ನು ಓದುತ್ತಾರೆ, ಆದರೆ ಅದು ಅವರ ತಲೆಗೆ ಹತ್ತುವುದಿಲ್ಲ. ಅದಕ್ಕೆ ಅವರ ಸೋಮಾರಿತನವನ್ನೋ ಅಮ್ಹಾರಿಕ್ ಭಾಷೆಯನ್ನೋ ದೂರುವುದು ಸುಲಭ. ಆ ದೇಶದ ಓದಿನ ಚರಿತ್ರೆಯನ್ನು ನೋಡಿದರೆ ಎರಡೂ ಸಲ್ಲದ ಮಾತು ಎನಿಸುತ್ತದೆ. ಅಲ್ಲಿನ ಚರ್ಚ್ ಶಾಲೆಯ ಮೊದಲ ಹಂತದ ಹೆಸರು ‘ನಿಬಾಬ್ ಬೇತ್’, ಅಂದರೆ ಓದಿನ ಮನೆ. ಮಕ್ಕಳು ಫಿದೆಲ್ ಎಂಬ ಅಕ್ಷರಮಾಲೆಯನ್ನು ರಾಗವಾಗಿ ಒಪ್ಪಿಸುತ್ತ ಕಲಿಯುತ್ತಿದ್ದರು. ಮೂಲಾಕ್ಷರ 33, ಒಂದೊಂದಕ್ಕೂ 7 ರೂಪ; ಲೆ, ಲು, ಲಿ, ಲಾ, ಲೇ, ಲ್, ಲೋ. ಕಾಗುಣಿತ ತಿದ್ದಿದ ನಮಗೆ ಇದೇನೂ ಹೊಸದಲ್ಲ. ಆಮೇಲೆ ದಾವೀದನ ಕೀರ್ತನೆಗಳು, ಅವು ಗೀಝ್ ಭಾಷೆಯಲ್ಲಿ. ಗೀಝ್ ಜನರ ಬಾಯಿಂದ ಮರೆಯಾಗಿ ಶತಮಾನಗಳೇ ಆಗಿದ್ದವು. ಹುಡುಗ ತಡವರಿಸದೆ ಓದುತ್ತಿದ್ದ, ಓದಿದ್ದೇನೆಂದು ಮಾತ್ರ ತಿಳಿಯುತ್ತಿರಲಿಲ್ಲ. ಆದರೆ ಆ ಪರಂಪರೆ ಇಷ್ಟನ್ನೇ ಓದು ಎಂದು ಒಪ್ಪಲಿಲ್ಲ. ಮೇಲಿನ ಹಂತವಾದ ‘ಗ್ರಂಥದ ಮನೆ’ಯಲ್ಲಿ ಗುರು ಗೀಝ್‌ನ ಸಾಲು ಹೇಳಿ ಅಮ್ಹಾರಿಕ್‌ನಲ್ಲಿ ಬಿಡಿಸುತ್ತಿದ್ದ, ‘ಅಂದೆಮ್’, ಅಂದರೆ ‘ಇನ್ನೊಂದು ಬಗೆಯಲ್ಲಿ’, ಎಂದು ಬೇರೊಂದು ಅರ್ಥವನ್ನೂ ಮುಂದಿಡುತ್ತಿದ್ದ. ಈ ಟೀಕಾ ಪರಂಪರೆಗೆ ‘ಅಂದೆಮ್ತ’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಅಷ್ಟು ದೂರ ಬಂದವರು ಕೆಲವರೇ, ನಿಜ. ಆದರೂ ಪರಭಾಷೆಯ ಗ್ರಂಥವನ್ನು ಆಡುಮಾತಿನಲ್ಲಿ ತಿಳಿಯುವ ದಾರಿಯೊಂದು ಅಲ್ಲಿ ಸವೆದು ಸಿದ್ಧವಾಗಿತ್ತು.

ಹೊಸ ಶಾಲೆ ಆ ದಾರಿಯನ್ನು ಹಿಡಿಯಲಿಲ್ಲ. 1908ರಲ್ಲಿ ಅಡಿಸ್ ಅಬಾಬಾದಲ್ಲಿ ಮೆನೆಲಿಕ್ ಶಾಲೆ ತೆರೆದಾಗ ಫ್ರೆಂಚ್‌ಗೆ ಮನ್ನಣೆ. 1941ರಲ್ಲಿ ಇಟಲಿಯ ಆಕ್ರಮಣ ಕೊನೆಗೊಂಡ ಮೇಲೆ ಇಂಗ್ಲಿಷ್‌ಗೆ. 1950ರಲ್ಲಿ ಶುರುವಾದ ಯೂನಿವರ್ಸಿಟಿ ಕಾಲೇಜಿನಲ್ಲೂ ಪಾಠ ಇಂಗ್ಲಿಷ್‌ನಲ್ಲೇ. 1960ರ ದಶಕದಲ್ಲಿ ಅಮ್ಹಾರಿಕ್ ಪ್ರಾಥಮಿಕ ಶಾಲೆಯ ಮಾಧ್ಯಮವಾಯಿತು. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಉಳಿಯಿತು, ಅಲ್ಲಿ ಪಾಠ ಹೇಳಿದವರಲ್ಲಿ ಭಾರತದಿಂದ ಹೋದ ಮೇಷ್ಟ್ರುಗಳೂ ಬಹಳ ಮಂದಿ. ಅಂದರೆ ಅಕ್ಷರ ಕಲಿಯುವ ಓದು ಮುಗಿದು ಚರಿತ್ರೆ, ವಿಜ್ಞಾನಗಳನ್ನು ತಿಳಿಯುವ ಓದು ಶುರುವಾಗುವ ಹೊತ್ತಿಗೆ ಭಾಷೆಯೇ ಬದಲಾಯಿತು. ಅಮ್ಹಾರಿಕ್ ಒಂದು ವಿಷಯವಾಗಿ ಉಳಿಯಿತೇ ಹೊರತು ವಿಚಾರ ಮಾಡುವ ಮಾತಾಗಿ ಬೆಳೆಯಲು ಅವಕಾಶ ಸಿಗಲಿಲ್ಲ. ಎರಡು ಭಾಷೆಯಲ್ಲೂ ಗಹನವಾದ ಓದಿನ ಅಭ್ಯಾಸವಿಲ್ಲದೆ ವಿದ್ಯಾರ್ಥಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದರೆ ಅದು ಅವನ ಅಪರಾಧವಲ್ಲ.

231 ರೂಪಗಳ ಲಿಪಿಯೇ ಹೊರೆ ಎನ್ನುವವರಿದ್ದಾರೆ. ಲಿಪಿಯಲ್ಲಿ ಕೊರತೆಯಿದೆ, ಆದರೆ ಅದು ಬೇರೆ: ಫಿದೆಲ್ ಒತ್ತಕ್ಷರವನ್ನು ತೋರಿಸುವುದಿಲ್ಲ. ‘ಅಲೆ’ ಎಂದರೆ ‘ಹೇಳಿದ’, ‘ಅಲ್ಲೆ’ ಎಂದರೆ ‘ಇದ್ದಾನೆ’. ಬರೆಯುವುದು ಮಾತ್ರ ಒಂದೇ ರೀತಿ. ಆದರೂ ಓದುಗ ಎಡವುವುದಿಲ್ಲ, ಭಾಷೆ ಅವನ ಕಿವಿಯಲ್ಲಿ ಮೊದಲೇ ಇದೆ. ಲಿಪಿಯ ಕೊರತೆಯನ್ನು ಅರ್ಥ ತುಂಬಿಕೊಡುತ್ತದೆ. ಇಂಗ್ಲಿಷ್ ಪುಟದ ಮುಂದೆ ಅವನಿಗಿಲ್ಲದ್ದು ಈ ಆಸರೆಯೇ.

ಹಾಗಾಗಿ ಇಂಗ್ಲಿಷ್ ಪಠ್ಯವನ್ನೂ ಅಮ್ಹಾರಿಕ್‌ನಲ್ಲಿ ಬಿಡಿಸಿ ಹೇಳಬೇಕು. ಅದಕ್ಕೆ ಅಮ್ಹಾರಿಕ್‌ನಲ್ಲಿ ಪರಿಭಾಷೆ ಸಾಲದು ಎಂಬ ಮಾತಿಗೆ ಅಂದೆಮ್ತವೇ ಉತ್ತರ: ಅದು ಗೀಝ್ ಮೂಲವನ್ನು ಕೈಬಿಡಲಿಲ್ಲ, ಪಕ್ಕದಲ್ಲಿಟ್ಟುಕೊಂಡೇ ವಿವರಿಸಿತು. ಇದಕ್ಕಿಂತ ತೂಕದ ಆಕ್ಷೇಪ ಬೇರೆಯದು. ಒರೊಮೊ, ಸೊಮಾಲಿ, ಸಿದಾಮ ಮಾತಾಡುವವರಿಗೆ ಅಮ್ಹಾರಿಕ್ ಕೂಡ ಮೇಲಿನಿಂದ ಬಂದ ಭಾಷೆ. ಇದನ್ನು ಒಪ್ಪಲೇಬೇಕು, 1994ರ ಶಿಕ್ಷಣ ನೀತಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಗಳಿಗೆ ಜಾಗ ಕೊಟ್ಟದ್ದು ನ್ಯಾಯವೇ. ಆದರೆ ಅದಾದ ಮೇಲೂ ಪ್ರೌಢಶಾಲೆಯ ಹೊಸ್ತಿಲಲ್ಲಿ ಇಂಗ್ಲಿಷ್ ನಿಂತೇ ಇತ್ತು. ಭಾಷೆ ಬದಲಾಗುವ ಜಾಗ ಒರೊಮೊ ಹುಡುಗಿಗೂ ಅದೇ. ಅವಳ ಪಠ್ಯಕ್ಕೆ ಬೇಕಾದ ಅಂದೆಮ್ತ ಒರೊಮೊ ಭಾಷೆಯದು.