ಕಾಣೆಯಾದ ಯೋಧರು ಮತ್ತು ಊರಿನ ಮಣ್ಣು

ಬಾದಾಮಿಯ ಪ್ರಾಚ್ಯವಸ್ತು ಸಂಗ್ರಹಾಲಯದಲ್ಲಿಯೂ ಸುತ್ತಲಿನ ಊರುಗಳ ಗುಡಿಯಂಗಳಗಳಲ್ಲಿಯೂ ವೀರಗಲ್ಲುಗಳನ್ನು ಕಾಣದ ಓದುಗರು ವಿರಳ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ನೆಲೆಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯದಲ್ಲಿ ಲಿಂಗಪೂಜೆ. ಕಲ್ಲಿನ ಅಡಿಯಲ್ಲಿ ದೇಹವಿರಲೇಬೇಕೆಂಬ ನಿಯಮವಿರಲಿಲ್ಲ. ಅದು ಸಮಾಧಿಯಲ್ಲ, ಸ್ಮಾರಕ. ಮಡಿದವನನ್ನು ಊರು ಮರಳಿ ಪಡೆದುಕೊಂಡದ್ದು ಆ ಕಲ್ಲಿನ ಮೂಲಕ.

ಆದರೆ ಮನೆಯವರ ಮನಸ್ಸಿಗೆ ಕಲ್ಲೊಂದೇ ಸಾಲದು. ನಮ್ಮ ಕಡೆ ಅಂತ್ಯಕ್ರಿಯೆಗೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಮಣ್ಣಿಗೆ ದೇಹ ಬೇಕು. ದೇಹ ದೊರೆಯದ ಮನೆಯಲ್ಲಿ ದುಃಖಕ್ಕೆ ಒಂದು ದಿನವೆಂಬುದಿಲ್ಲ. ಬಾಗಿಲ ಸಪ್ಪಳವಾದಾಗಲೆಲ್ಲ ತಾಯಿ ತಲೆಯೆತ್ತಿ ನೋಡುತ್ತಾಳೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂತಹ ಮನೆಗಳಿಗೆ ಲೆಕ್ಕವಿರಲಿಲ್ಲ. ಮುಂದೆ ಬೆಳಗಾವಿಯನ್ನು ಕೇಂದ್ರ ಮಾಡಿಕೊಂಡ ಮರಾಠಾ ಪದಾತಿದಳದ 103, 110 ಮತ್ತು 117ನೆಯ ಪಡೆಗಳು ಮೆಸೊಪೊಟೇಮಿಯಾದಲ್ಲಿ ಹೋರಾಡಿದವು. 1916ರ ಏಪ್ರಿಲ್ 29ರಂದು ಕೂಟ್ ನಗರದಲ್ಲಿ ಶರಣಾದ ಸೇನೆಯಲ್ಲಿ ಅವುಗಳ ಯೋಧರೂ ಇದ್ದರು. ಅನೇಕರು ಸೆರೆಯಲ್ಲಿಯೇ ಅಳಿದರು. ಸತ್ತವರನ್ನು ರಣಭೂಮಿಯಿಂದ ಸ್ವದೇಶಕ್ಕೆ ಒಯ್ಯಬಾರದೆಂಬುದು ಬ್ರಿಟಿಷರ ನಿಯಮ. ಸಿರಿವಂತನ ಮಗ ಮನೆ ಸೇರಿ ಬಡವನ ಮಗ ಅಲ್ಲಿಯೇ ಉಳಿಯಬಾರದು, ಎಲ್ಲರೂ ಸಮಾನರು ಎಂಬುದು ಅದಕ್ಕೆ ಕೊಟ್ಟ ಕಾರಣ. ತತ್ತ್ವ ಉದಾತ್ತವಾದುದೇ. ಆದರೆ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದಲ್ಲಿ, ಗೋರಿಯಿಲ್ಲದ 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆಂದೇ ನಿಂತ ಗೋಡೆಗಳ ಮೇಲೆ, ಬ್ರಿಟಿಷ್ ಸಿಪಾಯಿಯ ಹೆಸರು ಕೆತ್ತಲ್ಪಟ್ಟಿತು. ಭಾರತದ ಸಾಮಾನ್ಯ ಸಿಪಾಯಿಗೆ ದೊರೆತದ್ದು ಪಡೆಯ ಹೆಸರಿನ ಕೆಳಗೆ ಬರಿಯ ಸಂಖ್ಯೆ. ದೇಹವೂ ಬರಲಿಲ್ಲ, ಹೆಸರೂ ನಿಲ್ಲಲಿಲ್ಲ. ಹಳ್ಳಿಯ ಕಲ್ಲುಕುಟಿಗನೂ ಮಾಡದ ಕೆಲಸವಿದು! ಸತ್ತವರಲ್ಲಿ ಭೇದವೆಣಿಸಿದ್ದನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು ಒಪ್ಪಿ ಕ್ಷಮೆ ಕೋರಿದ್ದು 2021ರಲ್ಲಿ.

ಸ್ವತಂತ್ರ ಭಾರತದಲ್ಲಿಯೂ ಬಹುಕಾಲ ಮಡಿದ ಯೋಧರಿಗೆ ಗಡಿಯ ಸಮೀಪವೇ ಸಂಸ್ಕಾರವಾಗುತ್ತಿತ್ತು. 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ಪಾರ್ಥಿವ ಶರೀರಗಳನ್ನು ಊರೂರಿಗೆ ತಲುಪಿಸುವ ಪದ್ಧತಿ ವ್ಯಾಪಕವಾಯಿತು. ಅದರ ಬೆಲೆ ನಮ್ಮ ಭಾಗಕ್ಕೆ ಪೂರ್ಣವಾಗಿ ತಿಳಿದದ್ದು 2016ರಲ್ಲಿ. ಆ ವರ್ಷ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆ ಕುಸಿಯಿತು. 19ನೆಯ ಮದ್ರಾಸ್ ಪಡೆಯ 10 ಮಂದಿ ಹೂತುಹೋದರು. ಬದುಕಿರುವ ಸಾಧ್ಯತೆ ಅತ್ಯಲ್ಪವೆಂದು ಸೇನೆ ಮರುದಿನವೇ ತಿಳಿಸಿತು. ಆದರೆ ಹುಡುಕಾಟವನ್ನು ಬಿಡಲಿಲ್ಲ. ಉಸಿರೇ ಸಾಲದ ಆ ಎತ್ತರದಲ್ಲಿ ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆದರು. ವಾಸನೆ ಹಿಡಿಯುವ ನಾಯಿಗಳು ದಾರಿ ತೋರಿದವು. 8ರ ರಾತ್ರಿ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರು ಜೀವಂತವಾಗಿ ದೊರೆತರು. ಮೃತದೇಹಗಳನ್ನು ಮನೆಗಳಿಗೆ ಒಪ್ಪಿಸಬೇಕೆಂದು ಅಗೆದವರಿಗೆ ಉಸಿರಾಡುವ ಮನುಷ್ಯ ಸಿಕ್ಕಿದ್ದನು! ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು 11ರಂದು ಕೊನೆಯುಸಿರೆಳೆದರು. ಮರುದಿನ ಹುಬ್ಬಳ್ಳಿಯಲ್ಲಿ ಜನಸಾಗರದ ದರ್ಶನವಾಗಿ, ಹುಟ್ಟೂರಿನ ಮಣ್ಣಿನಲ್ಲಿ ಅವರಿಗೆ ವಿಶ್ರಾಂತಿ ದೊರೆಯಿತು. ಹಾಸನ, ಮೈಸೂರು ಜಿಲ್ಲೆಗಳ ಇಬ್ಬರು ಸೇರಿದಂತೆ ಉಳಿದ ಒಂಬತ್ತು ಮಂದಿಯ ದೇಹಗಳು, ಹವಾಮಾನ ತಿಳಿಯಾಗುವವರೆಗೆ ಕಾದು, ತಮ್ಮ ತಮ್ಮ ಮನೆ ಸೇರಿದವು.

ಇಲ್ಲಿ ಯಾರು ಯಾರೆಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಎಲ್ಲೆಡೆಯೂ ಹಾಗಲ್ಲ. 1984ರ ಮೇ ತಿಂಗಳಿನಲ್ಲಿ ಅದೇ ಸಿಯಾಚಿನ್‌ನಲ್ಲಿ ಕಾಣೆಯಾದ ಕುಮಾವ್ ಪಡೆಯ ಚಂದ್ರಶೇಖರ ಹರ್ಬೋಲಾ ಅವರ ಅವಶೇಷ 2022ರ ಆಗಸ್ಟ್‌ನಲ್ಲಿ ದೊರೆತಾಗ, 38 ವರ್ಷಗಳ ಮೇಲೆ ಅವರನ್ನು ಗುರುತಿಸಿಕೊಟ್ಟದ್ದು ಸೈನಿಕಸಂಖ್ಯೆ ಕೊರೆದಿದ್ದ ಪುಟ್ಟ ಲೋಹದ ಬಿಲ್ಲೆ. ಬಸ್ರಾದಲ್ಲಿ ಸಂಖ್ಯೆಯು ಹೆಸರನ್ನು ನುಂಗಿತ್ತು. ಇಲ್ಲಿ ಅದೇ ಸಂಖ್ಯೆ ಹೆಸರನ್ನು ಮರಳಿ ತಂದಿತು. ಬಿಲ್ಲೆಯೂ ಇಲ್ಲದೆಡೆ ಕಿಸೆಯ ಕಾಗದ ಮಾತನಾಡಬೇಕು. ಅದೂ ಇಲ್ಲವಾದರೆ ಎಲುಬು ಹಲ್ಲುಗಳಿಂದ ತೆಗೆದ ಡಿ.ಎನ್.ಎ.ಯನ್ನು ರಕ್ತಸಂಬಂಧಿಗಳದರೊಡನೆ ಹೋಲಿಸಬೇಕು. ಆದರೆ ಹೋಲಿಸಲು ಬಂಧುಗಳು ಉಳಿದಿರಬೇಕಲ್ಲವೇ? ವರ್ಷಗಳು ಕಳೆದಂತೆ ಹಿಮ ದೇಹವನ್ನು ಕಾಪಾಡಬಹುದು, ಕಾಯುವವರನ್ನು ಕಾಪಾಡದು.

1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ವಿಮಾನವೊಂದು 102 ಮಂದಿಯೊಡನೆ ರೋಹ್ತಾಂಗ್ ಕಣಿವೆಯ ಬಳಿ ಕಣ್ಮರೆಯಾಯಿತು. ಅದರ ಅವಶೇಷ ಮೊದಲು ಕಂಡದ್ದು 2003ರಲ್ಲಿ, ಪರ್ವತಾರೋಹಿಗಳಿಗೆ. 2024ರ ಸೆಪ್ಟೆಂಬರ್‌ನಲ್ಲಿ, 56 ವರ್ಷಗಳ ತರುವಾಯ, ಮತ್ತೆ ನಾಲ್ವರ ದೇಹಗಳು ದೊರೆತವು. ಅವರಲ್ಲಿ ಒಬ್ಬರು ನೆರೆಯ ಕೇರಳದವರು. ಜೊತೆಯಲ್ಲಿ ಹೊರಟವರ ಪೈಕಿ ಬಹುಪಾಲು ಮಂದಿಯನ್ನು ಆ ಹಿಮ ಆಗಲೂ ಬಿಟ್ಟುಕೊಟ್ಟಿರಲಿಲ್ಲ.