ಫಲಿಸದ ಸ್ವಸ್ಥತಾ ಪ್ರಾರ್ಥನೆ

ಕಾಯಿಲೆ ವಾಸಿಯಾಗಲೆಂದು ಬೇಡಿಕೊಂಡರೂ ವಾಸಿಯಾಗದಿದ್ದಾಗ ಕ್ರೈಸ್ತ ವಿಶ್ವಾಸ ಎದುರಿಸುವ ಪ್ರಶ್ನೆ. ಸಭೆಯ ಹಿರಿಯರು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ಯಾಕೋಬನ ಪತ್ರ (5:14) ಹೇಳುತ್ತದೆ. ತನ್ನನ್ನು ಕಾಡುವ ‘ಮುಳ್ಳು’ ತೊಲಗಲೆಂದು ಪೌಲನು ಮೂರು ಸಲ ಬೇಡಿದರೂ ಅದು ತೊಲಗಲಿಲ್ಲವೆಂಬುದು 2 ಕೊರಿಂಥ 12ರಲ್ಲಿದೆ. ಸ್ವಸ್ಥತಾ ಕೂಟಗಳ ವೇದಿಕೆಗೆ ಮೊದಲನೆಯದೇ ಹೆಚ್ಚು ಪ್ರಿಯ.

ದಕ್ಷಿಣ ಭಾರತದಲ್ಲಿ ಫಲಿಸದ ಪ್ರಾರ್ಥನೆಗೆ ದಾಖಲೆಯುಳ್ಳ ನಿದರ್ಶನ ದೋಹ್ನಾವೂರಿನದು. 1895ರಲ್ಲಿ ಬೆಂಗಳೂರಿಗೆ ಬಂದ ಮಿಷನರಿ ಏಮಿ ಕಾರ್ಮೈಕಲ್ ಮುಂದೆ ತಿರುನೆಲ್ವೇಲಿ ಸೀಮೆಯ ಈ ಊರಿನಲ್ಲಿ ಮಕ್ಕಳ ಆಶ್ರಯಧಾಮ ಕಟ್ಟಿದರು. ಅವರ ಬಲಗೈಯಂತಿದ್ದ ಪೊನ್ನಮ್ಮಾಳ್ ಅವರಿಗೆ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಜಯದ ಗುರುತಾಗಿ ಹಾಸಿಗೆಯ ಮೇಲೆ ತಾಳೆಗರಿ ಇಟ್ಟು, ಎಣ್ಣೆ ಹಚ್ಚಿ, ಎಲ್ಲರೂ ಸೇರಿ ಪ್ರಾರ್ಥಿಸಿದರು. ಆ ದಿನದಿಂದ ನೋವು ಏರುತ್ತಲೇ ಹೋಯಿತು. 1915ರಲ್ಲಿ ಆಕೆ ತೀರಿಕೊಂಡರು. ಕಾರ್ಮೈಕಲ್ ಇದನ್ನು ಮುಚ್ಚಿಡಲಿಲ್ಲ, ಪೊನ್ನಮ್ಮಾಳ್ ಅವರ ಜೀವನಚರಿತ್ರೆಯನ್ನೇ ಬರೆದರು. ರೋಗಿಯ ವಿಶ್ವಾಸ ಸಾಲದಾಯಿತೆಂದು ದೂರುವವರು ಓದಬೇಕಾದ ಪ್ರಸಂಗವಿದು.

1931ರಲ್ಲಿ ಬಿದ್ದು ಗಾಯಗೊಂಡ ಕಾರ್ಮೈಕಲ್ ತಾವೂ ಚೇತರಿಸಿಕೊಳ್ಳಲಿಲ್ಲ. 1951ರಲ್ಲಿ ಸಾಯುವವರೆಗೆ ಬಹುಪಾಲು ಹಾಸಿಗೆಯಲ್ಲೇ ಕಳೆದರು. ‘ರೋಸ್ ಫ್ರಂ ಬ್ರೈಯರ್’ (1933) ಈ ಅವಧಿಯಲ್ಲಿ ಅವರು ಕಾಯಿಲೆಯವರಿಗೆಂದೇ ಬರೆದ ಪುಸ್ತಕ.